ಕಾರಿಗೆ ಸದ್ದು ಹಾಕಿಸಿದ್ದು

ನನ್ನ ಬಾಯಿ ಸ್ವಲ್ಪ ಜೋರು ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ದಿನವಿಡೀ ಹೊಲಿಗೆ ಮೆಷಿನ್ ಮುಂದೆ ಕೂತವಳು ಪಿಸುಗುಟ್ಟಿದರೆ ಯಾರಿಗೆ ಕೇಳೀತು? ಆದರೆ ನನ್ನ ಅಂಗಡಿಯ ಮೇಲಿನ ರೂಮಿನಲ್ಲಿದ್ದ ಹಲೋ ಮಾವನ ಮುಂದೆ ನಾನು ಬಾಯಿ ತೆರೆಯುವುದೇ ಬೇಕಿರಲಿಲ್ಲ. ನಾನು ಅವರ ಬಾಗಿಲಿಗೆ ಹೋಗಿ ನಿಂತರೆ ಸಾಕು, ಹೆಜ್ಜೆ ಸದ್ದಿಗೇ ಗುರುತಿಸಿ, "ಏನು ಟೈಲರಮ್ಮ, ಹೊಸ ಚಪ್ಪಲಿನಾ?" ಎನ್ನುತ್ತಿದ್ದರು.

ಹುಟ್ಟಿದಾಗಿನಿಂದ ಅವರಿಗೆ ಕಣ್ಣು ಕಾಣದು. ರಸ್ತೆಯಾಚೆಗಿನ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ. ಮೆಟ್ಟಿಲಲ್ಲಿ, ಹಾಲಿನಂಗಡಿಯಲ್ಲಿ, ಎಲ್ಲಿ ಯಾರು ಸಿಕ್ಕರೂ ಬಾಯಿಗೆ ಮೊದಲು ಬರುತ್ತಿದ್ದದ್ದು "ಹಲೋ". ಹಾಗಾಗಿ ಮಕ್ಕಳಿಗೆಲ್ಲ ಹಲೋ ಮಾವ. ಮದುವೆ ಯಾಕೆ ಆಗಲಿಲ್ಲ ಎಂದು ಒಮ್ಮೆ ನಾನು ಮೂಗು ತೂರಿಸಿದ್ದೆ. "ನಾನು ಡಯಲ್ ಮಾಡ್ತಾನೇ ಇದ್ದೆ, ಆ ಕಡೆ ಯಾರೂ ಎತ್ಲಿಲ್ಲಮ್ಮ" ಎಂದು ನಕ್ಕುಬಿಟ್ಟರು.

ಆಸ್ಪತ್ರೆಯ ಒಳಗಿನ ನಂಬರುಗಳೆಲ್ಲ ಅವರಿಗೆ ಬಾಯಿಪಾಠ. ಹೆರಿಗೆ ವಾರ್ಡು ಬೇಕೆಂದು ಗಾಬರಿಯಾದ ಗಂಡ ಫೋನ್ ಮಾಡುತ್ತಾನೆ, ಇವರು ಸಮಾಧಾನ ಹೇಳಿ ಕನೆಕ್ಷನ್ ಕೊಡುತ್ತಾರೆ, ಅಲ್ಲಿಗೆ ಇವರ ಕೆಲಸ ಮುಗಿಯಿತು. "ಮಗು ಹುಟ್ತೋ ಇಲ್ವೋ ಅಂತ ತಿಳ್ಕೋಬೇಕು ಅನ್ಸಲ್ವಾ ಅಣ್ಣಾ?" ಎಂದು ಕೇಳಿದ್ದೆ. "ಅನ್ಸತ್ತೆ. ಆದ್ರೆ ಕದ್ದು ಕೇಳೋ ಹಾಗಿಲ್ವಲ್ಲಮ್ಮ" ಎಂದರು. ಇಷ್ಟು ಜನರ ಜೊತೆ ಮಾತಾಡಿ ಸಂಜೆ ರೂಮಿಗೆ ಬಂದರೆ, ಅವರಿಗೆಂದು ಒಂದು ಫೋನೂ ಬರುತ್ತಿರಲಿಲ್ಲ. ತಿಂಗಳಿಗೊಮ್ಮೆ ಊರಾಚೆಯ ಬಡಾವಣೆಯಿಂದ ತಂಗಿ ಮಾಡುತ್ತಿದ್ದಳು, ಅಷ್ಟೆ.

ರಸ್ತೆ ದಾಟುವಾಗ ಅವರ ಗತ್ತು ನೋಡಬೇಕಿತ್ತು. ಅಂಚಿಗೆ ಬಂದು ನಿಲ್ಲುವುದು, ಬಲಗಿವಿ ಮುಂದೆ ಮಾಡುವುದು, ಬಸ್ಸು ಲಾರಿ ಸ್ಕೂಟರು ಎಲ್ಲ ಹೋಗಲು ಬಿಟ್ಟು, ಕೋಲು ಕುಟ್ಟಿ ಹೊರಡುವುದು. ಪುಣ್ಯ ಕಟ್ಟಿಕೊಳ್ಳಲು ಯಾರಾದರೂ ಕೈ ಹಿಡಿದರೆ ಮೆಲ್ಲನೆ ಬಿಡಿಸಿಕೊಂಡು, "ಥ್ಯಾಂಕ್ಸ್, ಲೈನ್ ಬಿಜಿ ಇದೆ" ಎನ್ನುತ್ತಿದ್ದರು. ಇಡೀ ಬೀದಿಗೆ ಅವರೆಂದರೆ ಹೆಮ್ಮೆ. ಹೊಸದಾಗಿ ಬಂದವರಿಗೆ ತೋರಿಸಿ ಹೇಳುತ್ತಿದ್ದೆವು, ಏನೋ ನಾವೇ ಕಲಿಸಿಕೊಟ್ಟವರ ಹಾಗೆ.

ಹೀಗಿರುವಾಗ ಮೂಲೆಮನೆಯ ಹಲ್ಲಿನ ಡಾಕ್ಟರು ಎಲೆಕ್ಟ್ರಿಕ್ ಕಾರು ತಂದರು. ಅಯ್ಯೋ, ಅದೇನು ಕಾರೋ! ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ಬಟ್ಟೆ ಒಣಹಾಕುತ್ತಿದ್ದ ನನ್ನ ಬೆನ್ನ ಹಿಂದೆಯೇ ಒಂದು ದಿನ ಬಂದು ನಿಂತು ಜೀವ ಬಾಯಿಗೆ ತರಿಸಿತ್ತು. ಆಮೇಲೊಂದು ಬೆಳಿಗ್ಗೆ ಹಲೋ ಮಾವ ಅಂಚಿನಿಂದ ಕಾಲು ಕೆಳಗಿಟ್ಟರು, ಅದೇ ಹೊತ್ತಿಗೆ ಆ ಕಾರು ತಿರುವಿನಿಂದ ಬಂತು. ಡಾಕ್ಟರು ಬ್ರೇಕ್ ಹಾಕಿದರು, ಸರಿಯೇ. ಆದರೂ ಕೋಲು ಎರಡು ತುಂಡಾಯಿತು, ಮಂಡಿ ಒಡೆಯಿತು, ಮಾವ ರಸ್ತೆಯ ಮೇಲೆ ಕೂತುಬಿಟ್ಟರು. ಡಾಕ್ಟರಿಗೆ ನಾನು ಅವತ್ತು ಬಾಯಿಗೆ ಬಂದಂತೆ ಬೈದೆ. ಪಾಪ, ಅವರು ಬೈಸಿಕೊಳ್ಳುತ್ತಲೇ ಮಾವನನ್ನು ಎಬ್ಬಿಸಿದರು.

ಸುದ್ದಿ ತಿಳಿದು ತಂಗಿ ಓಡಿಬಂದಳು. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಡಿದದ್ದೇ ಹಟ.

"ಸಾಕಣ್ಣ ಈ ಸಾಹಸ. ನಮ್ಮನೆ ಹಿಂದಿನ ರೂಮ್ ಖಾಲಿ ಇದೆ. ಬಂದ್ಬಿಡು. ಹೊತ್ತೊತ್ತಿಗೆ ಊಟ ಹಾಕ್ತೀನಿ, ಇನ್ನೇನು ಬೇಕು ನಿಂಗೆ?"

"ಕೆಲಸ?"

"ಬಿಡು. ಸಾಯ್ಕೊಂಡು ಮಾಡೋ ಕೆಲಸ ಯಾಕೆ?"

ಹಲೋ ಮಾವ ಮಂಡಿಗೆ ಸುತ್ತಿದ ಬಟ್ಟೆಯ ಮೇಲೆ ಕೈಯಾಡಿಸುತ್ತ ಕೂತರು. ಆ ಬಡಾವಣೆಯ ಒಂದು ರಸ್ತೆಯೂ ಅವರಿಗೆ ಗೊತ್ತಿಲ್ಲ. ಅಲ್ಲಿಗೆ ಹೋದರೆ ರೂಮಿನಿಂದ ಬಚ್ಚಲಿಗೆ, ಬಚ್ಚಲಿನಿಂದ ರೂಮಿಗೆ, ಅಷ್ಟೇ ಓಡಾಟ. ಕಡೆಗೆ ಅವರು ಒಂದೇ ಮಾತು ಹೇಳಿದರು: "ತಪ್ಪು ನಂದಲ್ಲಮ್ಮ, ಆ ಕಾರಿಂದು. ಅದಕ್ಕೆ ಸದ್ದಿಲ್ಲ. ಸದ್ದು ಹಾಕಿಸ್ಲಿ, ನಿನ್ನ ಕಣ್ಣೆದುರೇ ರಸ್ತೆ ದಾಟಿ ತೋರಿಸ್ತೀನಿ. ದಾಟಿದ್ರೆ ಇಲ್ಲಿರ್ತೀನಿ, ಇಲ್ಲದಿದ್ರೆ ನಿನ್ನ ಜೊತೆ ಬರ್ತೀನಿ."

ತಂಗಿ ಒಲ್ಲದ ಮನಸ್ಸಿನಿಂದ ಒಪ್ಪಿದಳು. ಡಾಕ್ಟರು ಅವತ್ತೇ ಕಾರನ್ನು ಗ್ಯಾರೇಜಿಗೆ ಬಿಟ್ಟರು. ಮೆಕ್ಯಾನಿಕ್ ಮುಂಭಾಗದ ಕೆಳಗೆ ಒಂದು ಸ್ಪೀಕರ್ ಕೂರಿಸಿದ. ನಿಧಾನ ಹೋಗುವಾಗ ಮಾತ್ರ ಅದು ಸೊಂಯ್ ಎಂದು ಕೂಗುತ್ತದಂತೆ, ಜೋರಾಗಿ ಹೋಗುವಾಗ ಟೈರಿನ ಸದ್ದೇ ಸಾಕಾಗುತ್ತದಂತೆ. ತಂಗಿಗೆ ತೋರಿಸುವ ಮೊದಲು ಭಾನುವಾರ ನನ್ನ ಅಂಗಡಿಯ ಮುಂದೆ ನಮ್ಮೊಳಗೇ ಒಂದು ಪರೀಕ್ಷೆ ಎಂದಾಯಿತು. ಕಾರು ಕೇಳಿಸಿದ ತಕ್ಷಣ ಮಾವ ಕೈ ಎತ್ತಬೇಕು. ಬೀದಿಗೆ ಬೀದಿಯೇ ಸೇರಿತ್ತು.

ಕಾರು ಬಂತು, ಕೈ ಮೇಲೆ ಹೋಯಿತು. ಮತ್ತೆ ಬಂತು, ಮತ್ತೆ ಕೈ. ಎಲ್ಲರೂ ಚಪ್ಪಾಳೆ ತಟ್ಟಿದರು, ಡಾಕ್ಟರ ಹೆಂಡತಿ ಕಣ್ಣೊರೆಸಿಕೊಂಡಳು, ಯಾರೋ ಟೀ ತಂದರು. ನಾನು ಮಾತ್ರ ಟೀ ಕುಡಿಯಲಿಲ್ಲ. ನನ್ನ ಅಂಗಡಿಯ ಮುಂದಿನ ಚರಂಡಿಯ ಮೇಲೆ ಒಂದು ಸಡಿಲ ಚಪ್ಪಡಿ ಇದೆ. ಯಾವ ಗಾಡಿ ಹತ್ತಿದರೂ ದಡಕ್ ಎನ್ನುತ್ತದೆ, ಆ ಸದ್ದಿಗೆ ನನ್ನ ತಲೆ ಚಿಟ್ಟುಹಿಡಿದುಹೋಗಿದೆ. ಮಾವನ ಕೈ ಎದ್ದದ್ದು ಪ್ರತಿಸಲವೂ ಆ ದಡಕ್ ಆದಮೇಲೆ. ಎಲ್ಲರೂ ಟೀ ಕುಡಿಯುತ್ತಿದ್ದಾಗ ಡಾಕ್ಟರು ಕಾರನ್ನು ಆಚೆ ಬದಿಯಿಂದ, ಚಪ್ಪಡಿ ಹತ್ತಿಸದೆ, ಸೊಂಯ್ ಎನಿಸುತ್ತ ಮನೆಗೆ ಒಯ್ದರು. ಮಾವ ಕತ್ತು ಕೂಡ ತಿರುಗಿಸಲಿಲ್ಲ.

ಮಾರನೆಯ ದಿನ ಮೆಟ್ಟಿಲು ಹತ್ತಿ ಅವರ ಬಾಗಿಲಲ್ಲಿ ನಿಂತೆ. ಅವರು ಅಂಗಿ ಮಡಿಸುತ್ತಿದ್ದರು. ನಾನು ನಿಂತೇ ಇದ್ದೆ. ಚಪ್ಪಲಿಯ ಮಾತಿಲ್ಲ, ಹಲೋ ಇಲ್ಲ.

"ಅಣ್ಣಾ!" ಎಂದು ಕಿರುಚಿದೆ. ಅಂಗಿ ಕೈಜಾರಿತು.

"ಎಷ್ಟೊತ್ತಾಯ್ತಮ್ಮ ಬಂದು?"

"ಸಾಕಷ್ಟು ಹೊತ್ತಾಯ್ತು. ಯಾವಾಗಿಂದ ಕಿವಿ ಕೇಳಿಸ್ತಿಲ್ಲ?"

ಮಂಚದ ಮೇಲೆ ಕೂತರು. "ಮೊದಲು ಕುಕ್ಕರ್ ಸೀಟಿ ಹೋಯ್ತು. ಕೆಟ್ಟಿದೆ ಅಂತ ಹೊಸ ಕುಕ್ಕರ್ ತಂದೆ ನೋಡು, ಎಂಥ ದಡ್ಡ! ಆಮೇಲೆ ಹಕ್ಕಿಗಳು ಹೋದ್ವು. ಆಮೇಲೆ ಹೆಜ್ಜೆ ಸದ್ದು. ಫೋನ್ ಮಾತ್ರ ಕೇಳತ್ತೆ. ವಾಲ್ಯೂಮ್ ಪೂರ್ತಿ ಇಟ್ಕೋತೀನಿ, ಯಾರ್ಗೂ ಗೊತ್ತಾಗಲ್ಲ."

"ಕಿವಿಗೆ ಮೆಷಿನ್ ಹಾಕಿಸ್ಕೊಳ್ಳೋದು ತಾನೆ?"

"ಬೇರೆ ಆಸ್ಪತ್ರೆಗೆ ಹೋಗಿ ಹಾಕಿಸ್ಕೊಂಡೆ. ಎಲ್ಲ ಸದ್ದೂ ಸೇರಿ ಒಂದೇ ಗಲಾಟೆ. ಯಾವ ಕಡೆಯಿಂದ ಏನು ಬರ್ತಿದೆ ಅಂತ ಗೊತ್ತಾಗ್ದಿದ್ರೆ ರಸ್ತೇಲಿ ಅದನ್ನ ಇಟ್ಕೊಂಡು ಏನು ಮಾಡ್ಲಿ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮತ್ತೆ ನಿನ್ನೆ ಕೈ ಎತ್ತಿದ್ದು ಯಾವ ಸೀಮೆ ನಾಟಕ? ನಾಳೆ ಲಾರಿ ಕೆಳಗೆ ಸಿಕ್ಕಿ ಸತ್ರೆ? ನಿಮ್ಮನ್ನ ಗುಡಿಸಿ ತುಂಬೋದು ನನ್ನ ಅಂಗಡಿ ಮುಂದೆ!"

"ಬೈಯಮ್ಮ, ಬೈಯಿ. ನಿನ್ನ ದನಿ ಚೆನ್ನಾಗಿ ಕೇಳತ್ತೆ" ಎಂದರು. ನಕ್ಕರು ಎಂದುಕೊಂಡೆ, ಅಲ್ಲ, ಅಳುತ್ತಿದ್ದರು. "ಕಣ್ಣಿಲ್ಲ ಅಂತ ನಾನು ಯಾವತ್ತೂ ಒಂಟಿ ಅನ್ಕೊಂಡಿರ್ಲಿಲ್ಲ. ಈಗ ರೂಮಲ್ಲಿ ಕೂತಿದ್ರೆ ಹೊರಗೆ ಊರಿದೆಯೋ ಇಲ್ವೋ ಅಂತ ಭಯ ಆಗತ್ತೆ. ಆ ರಸ್ತೆ ದಾಟಿ ಹೋದ್ರೆ ಯಾರಾದ್ರೂ ಫೋನಲ್ಲಿ ಹಲೋ ಅಂತಾರೆ. ಅದೊಂದನ್ನ ಬಿಡ್ಸಬೇಡ. ತಂಗಿಗೆ ಹೇಳ್ಬೇಡ."

ನಾನೂ ಒಬ್ಬಳೇ ಅಡುಗೆ ಮಾಡಿ ಒಬ್ಬಳೇ ತಿನ್ನುವವಳು, ಅವರ ಮಾತು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಸುಳ್ಳಿಗೆ ಒಪ್ಪಲಿಲ್ಲ. ತಂಗಿಯ ಎದುರು ಚಪ್ಪಡಿಯ ಹತ್ತಿರ ನಿಲ್ಲಕೂಡದು, ಕಾರಿನ ಸದ್ದು ನಿಜವಾಗಿ ಕೇಳಿದರೆ ಮಾತ್ರ ಕೈ ಎತ್ತಬೇಕು ಎಂದೆ. ಅವರು ತಲೆಯಾಡಿಸಿದರು. ಆಣೆ ಹಾಕಿಸಿಕೊಳ್ಳಲಿಲ್ಲ, ಅವರ ತಲೆಯಾಡಿಸುವಿಕೆಯೇ ಸಾಕಾಗಿತ್ತು.

ಅಲ್ಲಿಂದ ನೇರ ಡಾಕ್ಟರ ಹತ್ತಿರ ಹೋದೆ, ಅವರೊಬ್ಬರಿಗೆ ವಿಷಯ ತಿಳಿಸಿದೆ. ಮಾವನನ್ನೂ ಕರೆದುಕೊಂಡು ಮೂವರೂ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಸೊಂಯ್ ತೆಗೆದು ಅದಕ್ಕಿಂತ ದಪ್ಪನೆಯ, ಹಿಟ್ಟಿನ ಗಿರಣಿಯಂಥ ಗುಂಯ್ ಸದ್ದು ಹಾಕಿದ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಕಾರನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟ. ಹಲೋ ಮಾವನ ಮುಖ ಅರಳಿತು.

"ಬಂತು! ಎಡಗಡೆಯಿಂದ ಬಂತು, ಅಲ್ವಾ?"

"ಹೌದಣ್ಣ, ಹೌದು" ಎಂದೆ. ಡಾಕ್ಟರು ಅವರನ್ನು ತಬ್ಬಿಕೊಂಡರು. ವಾಪಸ್ ಬರುವಾಗ ಮಾವ ದಾರಿಯುದ್ದಕ್ಕೂ ಗುಂಯ್ ಗುಂಯ್ ಎಂದು ಬಾಯಲ್ಲೇ ಅಂದುಕೊಳ್ಳುತ್ತಿದ್ದರು. ಎಲ್ಲ ಕಾರಿಗೂ ಇದನ್ನೇ ಹಾಕಿಸುವಂತೆ ಸರ್ಕಾರಕ್ಕೆ ಬರೆಯಬೇಕು ಎಂದರು. ನಾನೂ ಹೂಂ ಎಂದೆ, ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿತ್ತು.

ಪರೀಕ್ಷೆಯ ದಿನ ತಂಗಿ ಬಂದಳು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹೊಸ ಕೋಲು ಹಿಡಿದು, ತಾವೇ ಚಪ್ಪಡಿಯಿಂದ ದೂರಕ್ಕೆ, ಔಷಧಿ ಅಂಗಡಿಯ ಮುಂದೆ ಹೋಗಿ ನಿಂತರು. ಪಕ್ಕದ ದೊಡ್ಡ ರಸ್ತೆಯಲ್ಲಿ ಎಂದಿನ ಹಾಗೆ ಗಾಡಿಗಳು ಗದ್ದಲ ಎಬ್ಬಿಸುತ್ತ ಹರಿಯುತ್ತಿದ್ದವು. ಕಾರು ಬರುತ್ತದೆ, ಕೇಳಿದ ಕೂಡಲೇ ಕೈ ಎತ್ತುವುದು, ಅದು ನಿಂತ ಮೇಲೆ ದಾಟುವುದು, ಇಷ್ಟೇ ಮಾಡಬೇಕಾದ್ದು. ತಂಗಿ ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳಿಗೂ ಒಳಗೊಳಗೇ ಅಣ್ಣ ಗೆಲ್ಲಲಿ ಎಂದಿತ್ತೇನೋ.

ಡಾಕ್ಟರು ತಿರುವಿನಿಂದ ಹೊರಟರು. ಗುಂಯ್ ಎನ್ನುವುದು ನಮಗೆಲ್ಲ ಚೆನ್ನಾಗಿ ಕೇಳುತ್ತಿತ್ತು. ಔಷಧಿ ಅಂಗಡಿಯವನು ಕೌಂಟರ್ ಬಿಟ್ಟು ಹೊರಗೆ ಬಂದ. ಕಾರು ಹತ್ತಿರವಾಯಿತು. ಮಾವ ಬಲಗಿವಿ ಮುಂದೆ ಮಾಡಿ, ಹುಬ್ಬು ಗಂಟಿಕ್ಕಿ ನಿಂತಿದ್ದರು. ಕೈ ಕೆಳಗೇ ಇತ್ತು. ಎತ್ತಣ್ಣ, ಎತ್ತು, ಸುಳ್ಳಾದರೂ ಎತ್ತು ಎಂದು ನನ್ನ ಮನಸ್ಸು ಬಡಿದುಕೊಂಡಿತು. ಅವರು ಎತ್ತಲಿಲ್ಲ. ಕಾರು ಅವರಿಂದ ಒಂದು ಮಾರು ದೂರದಲ್ಲಿ ಬಂದು ನಿಂತಿತು.

ಸ್ವಲ್ಪ ಹೊತ್ತು ಕಾದು ಹಲೋ ಮಾವ ನಾವಿದ್ದ ಕಡೆ ಮುಖ ತಿರುಗಿಸಿದರು.

"ಟೈಲರಮ್ಮ, ಡಾಕ್ಟ್ರು ಇನ್ನೂ ಹೊರಡ್ಲೇ ಇಲ್ವಾ?"

ನನ್ನ ಜೋರು ಬಾಯಿಂದ ಒಂದು ಮಾತೂ ಹೊರಡಲಿಲ್ಲ. ತಂಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಾವ ಕೋಲನ್ನು ಮುಂದಕ್ಕೆ ಚಾಚಿದರು, ಅದು ಕಾರಿಗೆ ತಗುಲಿತು. ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು, ಒಮ್ಮೆ ಸವರಿದರು. ಒಳಗೆ ಡಾಕ್ಟರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟುಬಿಟ್ಟಿದ್ದರು.

"ತಂಗೀ," ಎಂದರು ಹಲೋ ಮಾವ, "ಬಟ್ಟೆ ಬರೆ ಜೋಡಿಸ್ಕೋಬೇಕು. ಸ್ವಲ್ಪ ಹೊತ್ತು ಕಾಯ್ತೀಯಾ?"