ತೊಟ್ಟಿಲುಗುಂಡಿನ ಮೇಲೆ ಕಂಡ ಬೆಳಕು

ಸತ್ತವರು ಸುಳಿಯುತ್ತಾರೆ, ಸನ್ನೆ ಮಾಡುತ್ತಾರೆ ಎಂಬ ಮಾತುಗಳನ್ನು ನಾನು ನಂಬಿದವನಲ್ಲ. ನಂಬುವವರನ್ನು ವಾದಕ್ಕೆ ಎಳೆಯುವ ಚಟವೂ ನನಗಿತ್ತು. ಮೈಸೂರಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ ಹಾಸ್ಟೆಲಿನಲ್ಲಿ ಯಾರಾದರೂ ಮಸಣದ ದೀಪದ ಕಥೆ ತೆಗೆದರೆ, ಅದು ಅರ್ಧಕ್ಕೆ ಬರುವಷ್ಟರಲ್ಲಿ ಕಾರಣ ಹೇಳಿ ಕಥೆಯನ್ನೇ ಕೆಡಿಸುತ್ತಿದ್ದೆ. ಈಗ ನಂಬುತ್ತೇನೆ ಎಂದೇನೂ ಹೇಳುತ್ತಿಲ್ಲ. ಒಂದು ಸಂಜೆಗೆ ಮಾತ್ರ ನನ್ನಲ್ಲಿ ಕಾರಣವಿಲ್ಲ. ಅದಕ್ಕಿಂತ ತೊಂದರೆಯ ವಿಷಯವೆಂದರೆ, ಆ ಸಂಜೆ ನಡೆದದ್ದರಲ್ಲಿ ನನಗೆ ನೆನಪಿರುವುದು ಎಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದು ಎಷ್ಟು ಎಂಬುದೂ ಈಗ ಖಚಿತವಾಗಿ ತಿಳಿಯದು.

ನಾವು ದುರ್ಗದವರು. ನಮ್ಮ ಓಣಿ ಬೆಟ್ಟಗಳ ಬುಡದಲ್ಲಿದೆ, ಪಡುವಣ ದಿಕ್ಕಿಗೆ ಪೂರ್ತಿ ಬಂಡೆಗಳ ಗೋಡೆ. ಬೇರೆ ಊರುಗಳಲ್ಲಿ ಯುಗಾದಿಯ ಮಾರನೆಯ ಸಂಜೆ ಜನ ಮಾಳಿಗೆ ಹತ್ತಿ ಎಳೆಯ ಚಂದ್ರನನ್ನು ನೋಡಿ, ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾರೆ. ನಮಗೆ ಆ ಭಾಗ್ಯವಿಲ್ಲ. ಕೂದಲೆಳೆಯಷ್ಟು ತೆಳ್ಳಗಿನ ಚಂದ್ರ ಕಣ್ಣಿಗೆ ಬೀಳುವಷ್ಟು ಕತ್ತಲಾಗುವ ಹೊತ್ತಿಗೆ ನಮ್ಮ ಪಾಲಿಗೆ ಬಂಡೆಗಳ ಹಿಂದೆ ಇಳಿದುಹೋಗಿರುತ್ತಾನೆ. ಹಾಗಾಗಿ ಓಣಿಯಿಂದ ಯಾರಾದರೊಬ್ಬರು ಬೆಟ್ಟ ಹತ್ತಿ, ಚಂದ್ರ ಕಂಡ ಕೂಡಲೇ ಬ್ಯಾಟರಿ ಬೀಸಿ ಕೆಳಗಿನವರಿಗೆ ತೋರಿಸಬೇಕು. ಕೆಳಗಿನವರು ಆ ಬೆಳಕನ್ನೇ ಚಂದ್ರನೆಂದು ತಿಳಿದು ಕೈ ಮುಗಿಯುತ್ತಿದ್ದರು.

ಈ ಕೆಲಸ ಬಾಷಾನದು. ಅವನು ನನ್ನ ಗೆಳೆಯ, ಎರಡು ಮನೆ ಆಚೆಯವನು. ಅವರದು ಪಾತ್ರೆಗಳಿಗೆ ಕಲಾಯಿ ಹಾಕುವ ಮನೆತನ. ಅವನ ಬೆರಳ ತುದಿಗಳು ಯಾವಾಗಲೂ ಕಪ್ಪಗಿರುತ್ತಿದ್ದವು, ಅವೇ ಬೆರಳುಗಳು ಬಂಡೆಯ ಸಣ್ಣ ಬಿರುಕಿಗೂ ಹಲ್ಲಿಯ ಕಾಲಿನಂತೆ ಅಂಟುತ್ತಿದ್ದವು. ಯುಗಾದಿಯ ಚಂದ್ರನನ್ನು ನಮ್ಮ ಮನೆಗೆ, ರಂಜಾನಿನ ಚಂದ್ರನನ್ನು ಅವರ ಮನೆಗೆ ಅವನೇ ತೋರಿಸುತ್ತಿದ್ದ. ಬ್ಯಾಟರಿಯನ್ನು ಅವನು ಎಲ್ಲರಂತೆ ಅತ್ತಿತ್ತ ಬೀಸುತ್ತಿರಲಿಲ್ಲ. ಎಡದಿಂದ ಕೆಳಗಿಳಿಸಿ ಬಲಕ್ಕೆ ಮೇಲೆತ್ತಿ, ಬಟ್ಟಲಿನ ಹಾಗೆ ಒಂದು ಗೆರೆ ಎಳೆಯುತ್ತಿದ್ದ. "ಅಮ್ಮಿಗೆ ಚಾಂದ್ ಬರ್ದು ತೋರುಸ್ಬೇಕಲ್ಲಲೇ" ಎನ್ನುತ್ತಿದ್ದ. ಅವನ ತಾಯಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮುಖಗಳು ಕಾಣುತ್ತಿರಲಿಲ್ಲ, ದೀಪ ಕಾಣುತ್ತಿತ್ತು.

ಹಬ್ಬದ ರಜೆ ಬಂತೆಂದರೆ ಕೋಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಸ್ಸುಗಟ್ಟಲೆ ಜನ, ಟೇಪ್ ರೆಕಾರ್ಡರ್, ಚಿತ್ರಾನ್ನದ ಬುತ್ತಿ. ಎತ್ತರದ ಬಂಡೆಗಳ ಮೇಲೆಲ್ಲ ಫೋಟೋಕ್ಕೆ ನಿಲ್ಲುವವರ ಸಾಲು. ಸಂಜೆಯಾದರೆ ಕಾವಲುಗಾರ ಸೀಟಿ ಊದುತ್ತ ಎಲ್ಲರನ್ನೂ ಕೆಳಗಿಳಿಸುತ್ತಾನೆ, ಚಂದ್ರ ಕಾಣುವವರೆಗೆ ಯಾರನ್ನೂ ಅಲ್ಲಿರಲು ಬಿಡುವುದಿಲ್ಲ. ಬಾಷಾನಿಗೆ ಗದ್ದಲವೆಂದರೆ ಆಗದು. "ಇವತ್ತು ಕೋಟೆಯಾಗೆ ಕಲ್ಲಿಗಿಂತ ಜನ ಜಾಸ್ತಿ ಅವ್ರೆ. ನಡಿ, ನಮ್ಮ ಗುಂಡಿಗೆ ಹೋಗಾಣ" ಎಂದು ನನ್ನನ್ನು ಎಳೆದುಕೊಂಡು ಹೋಗುತ್ತಿದ್ದ. ಜೋಗಿಮಟ್ಟಿಯ ಕಡೆಗೆ ಹೋಗುವ ದಾರಿಯಲ್ಲಿ, ಕೋಟೆಯ ಗೋಡೆಯಿಂದ ಹೊರಗೆ, ಎರಡು ಬಂಡೆಗಳ ನಡುವೆ ತೂಗು ಹಾಕಿದಂತೆ ಕೂತಿರುವ ದೊಡ್ಡ ಗುಂಡೊಂದಿದೆ. ನಾವಿಬ್ಬರೂ ಅದಕ್ಕೆ ತೊಟ್ಟಿಲುಗುಂಡು ಎಂದು ಹೆಸರಿಟ್ಟಿದ್ದೆವು. ಅಲ್ಲಿಗೆ ಪ್ರವಾಸಿಗರು ಬರುವುದಿಲ್ಲ. ಅದರ ನೆತ್ತಿಯಿಂದ ಒಂದು ಕಡೆ ಪಡುವಣದ ಬಯಲು ಕಾಣುತ್ತದೆ, ಇನ್ನೊಂದು ಕಡೆ ನಮ್ಮ ಓಣಿಯ ಮಾಳಿಗೆಗಳು.

ಆ ವರ್ಷ ಯುಗಾದಿಯೂ ರಂಜಾನೂ ಒಟ್ಟಿಗೆ ಬಂದಿದ್ದವು. ಒಂದೇ ಚಂದ್ರನನ್ನು ಓಣಿಯ ಎಲ್ಲ ಮನೆಯವರೂ ಕಾಯುತ್ತಿದ್ದರು. ಬಾಷಾ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಕಾಮಾಲೆ ಬಂದು ತೀರಿಕೊಂಡಿದ್ದ. ಅಷ್ಟೆಲ್ಲ ಬಂಡೆ ಹತ್ತಿದವನು ಮಂಚದ ಮೇಲೆ ಸತ್ತ.

ನಾನಾಗ ಹೊಸದುರ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಹಬ್ಬಕ್ಕೆ ಹೊಳಲ್ಕೆರೆ ಮೇಲೆ ಹಾದುಬರುವ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಯುಗಾದಿಯ ಮಾರನೆಯ ಬೆಳಿಗ್ಗೆ ಬಾಷಾನ ತಾಯಿಯನ್ನು ನೋಡಲು ಹೋದೆ. ಅವರನ್ನು ನಾನೂ ಬಾಷಾನಂತೆ ಅಮ್ಮಿ ಎಂದೇ ಕರೆಯುತ್ತಿದ್ದೆ. ನನ್ನ ದನಿಯಿಂದ ಗುರುತು ಹಿಡಿದು ಕೈ ಚಾಚಿದರು.

"ಇವತ್ತು ಸಂಜಿಗೆ ನೀನು ಹೋಗ್ತೀಯೇನಪ್ಪ ಮೇಲಕ್ಕೆ?" ಎಂದರು.

"ರೇಡಿಯೋದಾಗೆ ಹೇಳ್ತಾರಲ್ಲ ಅಮ್ಮೀ" ಎಂದೆ.

"ರೇಡಿಯೋದವ್ರು ಬೆಂಗ್ಳೂರಿನ ಚಾಂದ್ ಹೇಳ್ತಾರೆ. ನಂಗೆ ನಮ್ಮ ಗುಡ್ಡದ್ದು ಬೇಕು. ಇದೊಂದು ವರ್ಷ ತೋರ್ಸು, ಮುಂದಿನ ವರ್ಷ ಕೇಳಲ್ಲ. ಬೆಳಕು ಕಾಣೋದೂ ಕಮ್ಮಿ ಆಗ್ತಾ ಐತೆ."

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮೂರೂವರೆ ನಾಲ್ಕರ ಹೊತ್ತಿಗೆ ಬ್ಯಾಟರಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟೆ. ದಾರಿಯಲ್ಲಿ ದಾವಣಗೆರೆ ಕಡೆಯ ಒಂದು ಸಂಸಾರ ಬೆವರು ಒರೆಸಿಕೊಳ್ಳುತ್ತ ನಿಂತಿತ್ತು. ಜನ ಕಡಿಮೆ ಇರೋ ಕಡೆ ಯಾವುದ್ರೀ ಎಂದು ಯಜಮಾನರು ಕೇಳಿದರು. "ನಾಳಿದ್ದು ಬರ್ರಿ" ಎಂದೆ. ಅವರ ಹೆಂಡತಿಗೆ ನಗು ಬಂತು, ಅವರಿಗೆ ಬರಲಿಲ್ಲ. ನಮ್ಮ ಗುಂಡಿನ ದಾರಿಯನ್ನು ಹೇಳಿಕೊಡಲು ನನಗೆ ಮನಸ್ಸಾಗಲಿಲ್ಲ.

ತೊಟ್ಟಿಲುಗುಂಡನ್ನು ಹತ್ತುವುದು ಒಂದು ಬಿರುಕಿನೊಳಗಿಂದ. ಬೆನ್ನನ್ನು ಒಂದು ಬಂಡೆಗೆ, ಕಾಲನ್ನು ಎದುರಿನ ಬಂಡೆಗೆ ಒತ್ತಿ ಮೇಲೇರಬೇಕು. ಕೊನೆಯಲ್ಲಿ ಹಿಡಿಯಲು ಏನೂ ಸಿಗದ ಒಂದು ಜಾಗವಿದೆ. ಬಾಷಾ ಮೊದಲು ಹತ್ತಿ ಅಲ್ಲಿಂದ ಕೈ ಕೊಡುತ್ತಿದ್ದ. ಆ ದಿನ ಅಲ್ಲಿಗೆ ಬಂದಾಗ ನಾನು ಯೋಚಿಸದೆ ಬಲಗೈಯನ್ನು ಮೇಲೆತ್ತಿ ನಿಂತುಬಿಟ್ಟೆ. ಕೈ ಬರಲಿಲ್ಲ. ಬರದು ಎಂದು ತಿಳಿದ ಮೇಲೂ ಸ್ವಲ್ಪ ಹೊತ್ತು ಕೈಯನ್ನು ಇಳಿಸಲಾಗಲಿಲ್ಲ. ಆಮೇಲೆ ಮೊಣಕೈ ಊರಿ, ಅಂಗಿ ಹರಿದುಕೊಂಡು, ಹೇಗೋ ತೆವಳಿ ಮೇಲೆ ಬಂದೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಅಭ್ಯಾಸ, ಅಷ್ಟೆ.

ವಿಚಿತ್ರವಾದದ್ದು ಮೇಲೆ ಬಂದಾಗ. ಇಡೀ ದಿನದ ಬಿಸಿಲಿಗೆ ಬಂಡೆ ರೊಟ್ಟಿಯ ಹಂಚಿನಂತೆ ಕಾದಿತ್ತು. ನಾನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಟವೆಲ್ ಮಡಿಸಿ ಹಾಕಿಕೊಂಡು ಕೂತೆ. ಬಲಕ್ಕೆ, ಬಾಷಾ ಕೂರುತ್ತಿದ್ದ ಕಡೆ, ಕೈ ಊರಿದೆ. ಅಲ್ಲಿ ಬಂಡೆ ತಣ್ಣಗಿತ್ತು.

ಮಂಜಿನಂಥ ತಣ್ಣಗಲ್ಲ. ತುಂಬ ಹೊತ್ತು ಯಾರಾದರೂ ಕೂತು ಬಿಸಿಲು ಬೀಳದಂತೆ ಮಾಡಿ, ಆಗತಾನೆ ಎದ್ದುಹೋದರೆ ಬಂಡೆ ಎಷ್ಟು ತಣ್ಣಗಿರುತ್ತದೋ ಅಷ್ಟು. ಒಬ್ಬ ಮನುಷ್ಯ ಕೂರುವಷ್ಟೇ ಜಾಗ. ಅದರ ಸುತ್ತ ಕೈ ಇಡಲಾಗದ ಕಾವು. ಅಂಗೈಯಿಂದ ಅದರ ಅಂಚನ್ನು ಸವರಿ ನೋಡಿದೆ. ಎದ್ದು ಗುಂಡಿನ ಸುತ್ತಲೂ ಇಣುಕಿ ನೋಡಿದೆ. ಯಾರೂ ಇರಲಿಲ್ಲ. ಹತ್ತುವುದಕ್ಕೂ ಇಳಿಯುವುದಕ್ಕೂ ನಾನು ಬಂದ ಬಿರುಕೊಂದೇ ದಾರಿ. ಮತ್ತೆ ಬಂದು ಕೂತು ಅಲ್ಲೇ ಕೈ ಇಟ್ಟುಕೊಂಡೆ. ಹೆದರಿಕೆ ಆಗಲಿಲ್ಲ. ಅದು ಬಿಸಿಯಾಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಯಾರನ್ನು ಬೇಡಿಕೊಂಡೆನೋ, ದೇವರನ್ನೂ ನಂಬದವನು. ಆದರೆ ಸುತ್ತಲಿನ ಕಾವು ಒಳಗೊಳಗೇ ಹರಿದುಬಂದು, ಹೊತ್ತು ಮುಳುಗುವಷ್ಟರಲ್ಲಿ ಆ ಜಾಗವೂ ಉಳಿದ ಬಂಡೆಯಂತೆ ಆಯಿತು. ಶಾಖ ಹರಿಯುವ ಆ ನಿಯಮವನ್ನು ನಾನು ಕಾಲೇಜಿನಲ್ಲಿ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದೆ.

ಪಡುವಣದಲ್ಲಿ ಧೂಳು ಎದ್ದು ಆಕಾಶದ ಅಂಚು ಮಬ್ಬಾಗಿತ್ತು. ಎಷ್ಟು ದಿಟ್ಟಿಸಿದರೂ ಚಂದ್ರ ಕಾಣಲಿಲ್ಲ. ಕೆಳಗೆ ಊರಿನ ದೀಪಗಳು ಹತ್ತಿಕೊಂಡವು, ಮಸೀದಿಯ ಕೂಗು ಕೇಳಿಸಿತು. ಕಾಣದ ಚಂದ್ರನನ್ನು ತೋರಿಸಬಾರದು ಎಂಬುದು ಬಾಷಾ ಇಟ್ಟುಕೊಂಡಿದ್ದ ಕಟ್ಟುಪಾಡು. ಅವರ ಮನೆಯವರಿಗೆ ಅದು ನಾಳೆ ಉಪವಾಸವೋ ಹಬ್ಬವೋ ಎಂಬ ಪ್ರಶ್ನೆ, ಹುಡುಗಾಟವಲ್ಲ. ನಾನು ಬ್ಯಾಟರಿಯನ್ನು ಚೀಲದಿಂದ ತೆಗೆಯಲಿಲ್ಲ. ಅಮ್ಮಿಗೆ ಏನು ಹೇಳುವುದೆಂದು ಯೋಚಿಸುತ್ತ, ಬಿರುಕಿನೊಳಗೆ ಕಾಲು ಕಾಣುವಷ್ಟು ಬೆಳಕಿರುವಾಗಲೇ ಇಳಿದೆ.

ಬುಡದಲ್ಲಿ ಒಬ್ಬ ಹೆಂಗಸು ಕುರಿಗಳನ್ನು ಊರ ಕಡೆಗೆ ತಿರುಗಿಸುತ್ತಿದ್ದಳು. ಮೇಲೆ ಯಾರಾದರೂ ಹತ್ತಿದ್ದನ್ನು ನೋಡಿದೆಯಾ ಎಂದು ಕೇಳಿದೆ.

"ನಿನ್ನ ಬಿಟ್ರೆ ಇನ್ಯಾರಿಗೈತಪ್ಪ ಅಂಥ ಹುಚ್ಚು?" ಎಂದಳು.

ತಣ್ಣಗಿದ್ದ ಜಾಗದ ವಿಷಯ ಹೇಳಿದೆ. ಅವಳು ಅದನ್ನು ದೊಡ್ಡದೆಂದು ಎಣಿಸಲಿಲ್ಲ. "ನಮ್ಮ ಕರೇ ಮೇಕೆ ಮಲಗಿತ್ತೇನೋ. ಅದು ಎಲ್ಲೆಲ್ಲೋ ಹತ್ತುತೈತೆ, ಹಾಳಾದ್ದು" ಎಂದು ಕೋಲಿನಿಂದ ಒಂದು ಮೇಕೆಯನ್ನು ತೋರಿಸಿದಳು. ಅದು ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ಬೇರೆ ಯಾರ ಕಥೆಯಾಗಿದ್ದರೂ ಆ ಮೇಕೆಯನ್ನು ನಾನೇ ಹುಡುಕಿಕೊಡುತ್ತಿದ್ದೆ. ಆ ದಿನ ಮಾತ್ರ ಮೇಕೆಯ ಮೇಲೂ ಅವಳ ಮೇಲೂ ನನಗೆ ಸಿಟ್ಟು ಬಂತು.

ಓಣಿಗೆ ಬಂದಾಗ ಮನೆಮನೆಯಲ್ಲೂ ಸಡಗರ. ಪಕ್ಕದ ಮನೆಯ ತಿಪ್ಪಣ್ಣ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡ. ಅವನು ಮಂಡಿಯಲ್ಲಿ ಶೇಂಗಾ ವ್ಯಾಪಾರ ಮಾಡುವವನು.

"ಬರ್ರಿ ಮೇಷ್ಟ್ರೇ. ಬಾಷಾನ್ನ ಮೀರ್ಸಿಬಿಟ್ರಿ. ಏನ್ ನಿಧಾನ, ಏನ್ ಗುಂಡುಗೆ ಬೀಸಿದ್ರಿ" ಎಂದ.

ಏನನ್ನು ಎಂದು ಕೇಳಿದೆ.

"ಬ್ಯಾಟ್ರಿ ರೀ. ಇಡೀ ಓಣಿ ನೋಡೈತೆ. ಅದಿರ್ಲಿ, ಚಂದ್ರಂದು ಯಾವ ಕೊಂಬು ಮೇಲಿತ್ತು ಹೇಳ್ರಿ, ಶೇಂಗಾ ರೇಟು ಏರುತೈತೋ ಇಳಿತೈತೋ ಲೆಕ್ಕ ಹಾಕ್ಬೇಕು."

ಎಳೆಯ ಚಂದ್ರನ ಎರಡು ತುದಿಗಳಲ್ಲಿ ಯಾವುದು ಮೇಲಿದೆ ಎಂದು ನೋಡಿ ಮಳೆ ಬೆಳೆ ಧಾರಣೆ ಹೇಳುವುದು ನಮ್ಮಲ್ಲಿ ರೂಢಿ. ನಾನು ಬೀಸಿಯೇ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮಿಯನ್ನು ಅವರ ಸೊಸೆ ಕೈಹಿಡಿದು ಕರೆತಂದಳು. ಅಮ್ಮಿ ನನ್ನ ಕೆನ್ನೆ, ಭುಜ, ಹರಿದ ಅಂಗಿಯ ತೋಳು ಎಲ್ಲವನ್ನೂ ಮುಟ್ಟಿ ನೋಡಿದರು.

"ಕಂಡ್ತಪ್ಪ. ಬಟ್ಟಲು ಬರ್ದೆ. ಹಂಗೇ ಬರ್ದೆ, ಅವನ ಹಂಗೇ. ನನ್ನ ಕಣ್ಣು ಇನ್ನೂ ಐತೆ ಅಂತ ಇವಳಿಗೆ ಹೇಳ್ದೆ" ಎಂದರು. ಆಮೇಲೆ ಮೆಲ್ಲಗೆ, "ಹೆಂಗಿತ್ತು ಚಾಂದ್?" ಎಂದು ಕೇಳಿದರು.

"ತೆಳ್ಳಗಿತ್ತು ಅಮ್ಮೀ. ಎಡಗಡೆ ಕೊಂಬು ಒಂಚೂರು ಮೇಲಿತ್ತು" ಎಂದೆ.

ಅಮ್ಮಿ ನನ್ನ ತಲೆಯ ಮೇಲೆ ಕೈ ಇಟ್ಟರು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ತಿಪ್ಪಣ್ಣ ಎಡಗೊಂಬಿನ ಲೆಕ್ಕ ಹಾಕುತ್ತ ಒಳಗೆ ಹೋದ. ಸ್ವಲ್ಪ ಹೊತ್ತಿನಲ್ಲೇ ಬೇರೆ ಊರುಗಳಲ್ಲಿ ಚಂದ್ರ ಕಂಡ ಸುದ್ದಿ ಬಂದು, ಮಸೀದಿಯಿಂದ ನಾಳೆ ಹಬ್ಬ ಎಂದು ಸಾರಿದರು. ಆ ಬೆಳಕು ಸುಳ್ಳು ಹೇಳಿರಲಿಲ್ಲ.

ಇದಕ್ಕೆ ನಾನು ಕಾರಣ ಹುಡುಕದೆ ಬಿಟ್ಟಿಲ್ಲ. ತಣ್ಣಗಿದ್ದ ಬಂಡೆಗೆ ಮೇಕೆ ಸಾಕು. ಅಥವಾ ನಾನೇ ಮೊದಲು ಅಲ್ಲಿ ಬಾಟಲಿಯ ನೀರು ಚೆಲ್ಲಿಕೊಂಡು ಮರೆತಿರಬಹುದು. ಬೆಳಕಿಗೆ, ಜನರಿಂದ ತಪ್ಪಿಸಿಕೊಂಡು ಅಕ್ಕಪಕ್ಕದ ಬಂಡೆ ಹತ್ತಿದ ಯಾವನೋ ಪ್ರವಾಸಿಗ ಸಾಕು. ಬೇರೆ ಬೇರೆಯಾಗಿ ನೋಡಿದರೆ ಎರಡೂ ಕರಗಿಹೋಗುತ್ತವೆ. ಒಂದೇ ಗುಂಡಿನ ಮೇಲೆ ಒಂದೇ ಸಂಜೆ ಎರಡನ್ನೂ ಇಟ್ಟು ನೋಡಿದಾಗ ಮಾತ್ರ ನನ್ನ ವಿದ್ಯೆ ಸುಮ್ಮನಾಗುತ್ತದೆ. ನಾನೇ ಬ್ಯಾಟರಿ ಬೀಸಿ ಮರೆತೆನೇ ಎಂದೂ ಕೇಳಿಕೊಂಡಿದ್ದೇನೆ. ಇಲ್ಲ ಎಂದು ಆಗ ಆಣೆ ಮಾಡಿ ಹೇಳುತ್ತಿದ್ದೆ, ಈಗ ಅಷ್ಟು ಧೈರ್ಯವಿಲ್ಲ.

ಆಮೇಲೆ ಕೆಲಸದ ಮೇಲೆ ಊರೂರು ತಿರುಗಿದೆ, ಎಲ್ಲೂ ನೆಲೆ ನಿಲ್ಲಲಿಲ್ಲ. ಅಮ್ಮಿ ಮುಂದಿನ ಯುಗಾದಿಯನ್ನು ಕಾಣಲಿಲ್ಲ. ಎಡಗಡೆಯ ಕೊಂಬು ಮೇಲಿತ್ತು ಎಂದು ಅವರಿಗೆ ಯಾಕೆ ಹೇಳಿದೆ ಎಂಬುದಕ್ಕೂ ನನ್ನಲ್ಲಿ ಉತ್ತರವಿಲ್ಲ. ಹಾಗೆ ಹೇಳಿದ ಮಾರನೆಯ ಸಂಜೆ ಬಯಲಿಗೆ ಹೋಗಿ ನೋಡಿದಾಗ ಅದು ಹಾಗೆಯೇ ಇತ್ತು. ನಾನು ಅಂದು ಚಂದ್ರನನ್ನು ನೋಡಲಿಲ್ಲ, ಇದು ನನಗೆ ಗೊತ್ತು. ಆದರೂ ಈ ವಯಸ್ಸಿನಲ್ಲಿ ಕಣ್ಣು ಮುಚ್ಚಿದರೆ ಧೂಳಿನ ನಡುವೆ ಚಂದ್ರ ಸ್ಪಷ್ಟವಾಗಿ ಕಾಣುತ್ತಾನೆ, ತೆಳ್ಳಗೆ, ಕೊಂಚ ವಾಲಿಕೊಂಡು. ನನ್ನ ಬಲಕ್ಕೆ ಕೂತವನು, ಅಗೋ ಅಲ್ಲಿ, ಎಂದು ಬೆರಳು ತೋರಿಸುತ್ತಾನೆ. ಬೆರಳ ತುದಿ ಕಪ್ಪಗಿದೆಯೇ ಎಂದು ನೋಡಲು ನಾನು ತಿರುಗುವುದಿಲ್ಲ, ಚಂದ್ರನನ್ನೇ ನೋಡುತ್ತಿರುತ್ತೇನೆ.