ಬೆನ್ನ ಹಿಂದಿನ ಕರೆ
ಶ್ರೀರಾಂಪುರದ ಆಚೆಯ ಒಂದು ಹಳ್ಳಿಯಲ್ಲಿ ಒಂದನೇ ತರಗತಿಗೆ ಪಾಠ ಹೇಳುವ ಹಾಲಮ್ಮ ಟೀಚರು ಜೂನ್ ತಿಂಗಳಿಡೀ ಪುಸ್ತಕವನ್ನೇ ತೆರೆಯುವುದಿಲ್ಲ. ಮಕ್ಕಳ ಉಗುರು ನೋಡುತ್ತಾರೆ, ಅವರ ಮನೆಯ ಕುರಿಮರಿಗಳ ಯೋಗಕ್ಷೇಮ ವಿಚಾರಿಸುತ್ತಾರೆ, ಎಲ್ಲರ ಮೂಗನ್ನೂ ಒರೆಸಿ ಒರೆಸಿ ಸೆರಗು ಹಾಳುಮಾಡಿಕೊಳ್ಳುತ್ತಾರೆ. ಆಮೇಲೆ ಸದ್ದಿಲ್ಲದೆ ಒಂದೊಂದು ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಅದರ ಹೆಸರು ಕರೆಯುತ್ತಾರೆ. “ಏನ್ರಿ ಟೀಚರ್, ಬೆಕ್ಕಿನಂಗೆ ಹೊಂಚು ಹಾಕ್ತೀರಲ್ಲ, ಅ ಆ ಕಲ್ಸೋದು ದೀಪಾವಳಿಗಾ?” ಎಂದು ಪಕ್ಕದ ತರಗತಿಯ ಓಬಳೇಶ್ ಮೇಷ್ಟ್ರು ನಗುತ್ತಾರೆ. “ಅ ಆ ಎಲ್ಲೂ ಓಡೋಗಲ್ಲ ಬಿಡ್ರಿ ಸಾ, ಮಕ್ಳು ಓಡೋಗ್ತವೆ” ಎನ್ನುವುದು ಇವರ ಮಾಮೂಲಿ ಉತ್ತರ. ಹಾಲಮ್ಮ ಟೀಚರು ಕೆಲಸಕ್ಕೆ ಸೇರಿದ ವರ್ಷ, ಎಷ್ಟು ಕರೆದರೂ ಓಗೊಡದ ದುರ್ಗಾ ಎಂಬ ಹುಡುಗಿಯನ್ನು ಮೊಂಡಿಯೆಂದು ತಿಳಿದು ಅವರು ಕೋಲಿನಿಂದ ಹೊಡೆದಿದ್ದರು. ಮರುದಿನ ತಾಯಿ ನಿಂಗಕ್ಕ ಬಂದು, “ಅದ್ಕೆ ಕಿವಿ ಕೇಳ್ಸಲ್ರಿ ಟೀಚರ್. ಹೇಳಿದ್ರೆ ಶಾಲೆಗೆ ಸೇರಿಸ್ಕಳಲ್ಲ ಅಂತ ಮುಚ್ಚಿಟ್ಟಿದ್ದೆ, ತಪ್ಪು ನಂದೇ” ಎಂದು ಕೈಮುಗಿದಳು. ದುರ್ಗಾ ಮತ್ತೆಂದೂ ಶಾಲೆಗೆ ಬರಲಿಲ್ಲ. ಈ ಜೂನಿನಲ್ಲಿ ಮಮತಾ ಎಂಬ ಮಗು ಮೂರು ಸಲ ಕರೆದರೂ ತಿರುಗಿ ನೋಡಲಿಲ್ಲ. ಟೀಚರು ಅವಳೆದುರಿಗೆ ಬಂದು ನೆಲದ ಮೇಲೆ ಕುಳಿತು, ಪುಟ್ಟ ಅಂಗೈಯನ್ನು ತಮ್ಮ ಗಂಟಲಿಗೆ ಒತ್ತಿಕೊಂಡು, “ಮಮತಾ” ಎಂದರು. ಅಂಗೈಯಲ್ಲಿ ತನ್ನ ಹೆಸರು ನಡುಗಿದ್ದಕ್ಕೆ ಮಗು ನಕ್ಕಿತು.