ಚೊಚ್ಚಲಿಗೊಂದು ತವರು

ನಿಮ್ಮ ಅಮ್ಮ ನನ್ನ ಹೊಟ್ಟೆಯಲ್ಲಿದ್ದ ಬೇಸಿಗೆಯಲ್ಲಿ ನಾನೂ ನಿಮ್ಮ ತಾತನೂ ಸುತ್ತಿದಷ್ಟು ಊರುಗಳನ್ನು ಆಮೇಲೆ ಯಾವತ್ತೂ ಸುತ್ತಲಿಲ್ಲ. ಭಾನುವಾರ ಬಂದರೆ ಬೈಕು ಹೊರಡುತ್ತಿತ್ತು. ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಿಮ್ಮ ತಾತ ರೈಟರಾಗಿದ್ದರು. ಆಳುಗಳ ಹಾಜರಿ ಬರೆಯುವುದು, ಕೆಲಸ ಹಂಚುವುದು ಅವರ ಪಾಲಿಗೆ. ನಮ್ಮ ಮನೆಯ ಕೆಳಗೇ ಲೈನುಗಳು, ಅಂದರೆ ಕೂಲಿಯವರ ಸಾಲುಮನೆಗಳು. ನಾವು ಹೊರಟಾಗ ಅಲ್ಲಿನ ಹೆಂಗಸರು ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಗುತ್ತಿದ್ದರು.

"ರೈಟ್ರಮ್ಮ, ಇವತ್ತು ಯಾವ ಕಡೆ ಟೂರು? ಮಗು ಹೊಟ್ಟೇಲೇ ಕೊಡಗು ಪೂರ್ತಿ ನೋಡ್ಬಿಡ್ತದೆ!"

ನಾನು ತಲೆ ತಗ್ಗಿಸಿ ಬೈಕು ಹತ್ತುತ್ತಿದ್ದೆ. ಟೂರಲ್ಲ, ನನ್ನ ಬಾಣಂತನಕ್ಕೆ ಒಂದು ಮನೆ ಹುಡುಕಲು ಹೊರಟಿದ್ದೇವೆ ಎಂದು ಹೇಗೆ ಹೇಳುವುದು?

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮಲ್ಲಿ ನಡೆದು ಬಂದದ್ದು. ನನ್ನ ಅವ್ವ ನನ್ನ ಮದುವೆಗೆ ಮೊದಲೇ ತೀರಿಹೋಗಿದ್ದಳು. ತವರಿನಲ್ಲಿದ್ದ ಹೆಂಗಸೆಂದರೆ ಅತ್ತಿಗೆ ಒಬ್ಬಳೇ. ಅವಳಿಗೂ ಅದೇ ತಿಂಗಳುಗಳಲ್ಲಿ ದಿನ ತುಂಬುತ್ತಿತ್ತು, ಅವಳು ತನ್ನ ತವರಿಗೆ ಹೊರಟಿದ್ದಳು. ಅಪ್ಪ, ಅಣ್ಣ ಇಬ್ಬರೇ ಇರುವ ಮನೆಯಲ್ಲಿ ಬಾಣಂತಿಗೆ ನೀರು ಹಾಕುವವರು ಯಾರು?

ನಮ್ಮ ಜೊತೆಯಲ್ಲಿದ್ದ ಅತ್ತೆ, ಅಂದರೆ ನಿಮ್ಮ ತಾತನ ತಾಯಿ, ಗಟ್ಟಿ ಹೆಂಗಸು. ಲೈನಿನ ಎಷ್ಟೋ ಮಕ್ಕಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದವರು. ಆದರೆ ಈ ಒಂದು ಮಾತಿಗೆ ಮಾತ್ರ ಒಪ್ಪುತ್ತಿರಲಿಲ್ಲ. "ಎರಡ್ನೇದು ಮೂರ್ನೇದು ನಾನೇ ಮಾಡ್ತೀನಿ. ಚೊಚ್ಚಲು ಮಾತ್ರ ಗಂಡನ್ ಮನೇಲಿ ಬ್ಯಾಡ" ಎನ್ನುತ್ತಿದ್ದರು. ಅವರ ಮೊದಲ ಕೂಸು ದಿನ ತುಂಬುವ ಮೊದಲೇ ಗಂಡನ ಮನೆಯಲ್ಲಿ ಹುಟ್ಟಿ, ಹೆಸರಿಡುವ ಮುಂಚೆ ಹೋಗಿತ್ತು. ಅದು ನನಗೆ ಗೊತ್ತಿತ್ತು. ಆದ್ದರಿಂದ ಎದುರು ಮಾತಾಡಲು ಬಾಯಿ ಬರುತ್ತಿರಲಿಲ್ಲ.

ಮೊದಲು ಹೋದದ್ದು ಶನಿವಾರಸಂತೆಯಲ್ಲಿದ್ದ ನನ್ನ ಚಿಕ್ಕವ್ವನ ಮನೆಗೆ. ಕೋಳಿ ಸಾರು ಮಾಡಿ, ಕಡುಬು ಬಡಿಸಿ, ನನ್ನ ಕೆನ್ನೆ ಸವರಿದಳು. ಊಟವಾದ ಮೇಲೆ ನಾವು ಬಾಯಿ ಬಿಡುವ ಮೊದಲೇ ತನ್ನ ಮಂಡಿ ನೋವಿನ ಕಥೆ ಶುರು ಮಾಡಿದಳು. "ಒಂದ್ ಚೆಂಬು ನೀರು ಎತ್ತಾಕಾಗಲ್ಲ ಕಣವ್ವ" ಎಂದಳು. ಅಷ್ಟು ಹೊತ್ತೂ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವಳು. ನಾವು ಕೇಳಲಿಲ್ಲ. ವಾಪಸು ಬರುವಾಗ ದಾರಿಯಲ್ಲಿ ಬೈಕು ನಿಲ್ಲಿಸಿ ನಿಮ್ಮ ತಾತ ಚುರುಮುರಿ ಕೊಡಿಸಿದರು. ಮೋರಿಯ ಕಟ್ಟೆಯ ಮೇಲೆ ಕೂತು ತಿಂದೆವು.

"ಮಂಡಿ ನೋವು ನಿಜ ಇರ್‍ಬೋದು" ಎಂದರು.

"ಇರ್‍ಬೋದು" ಎಂದೆ.

ಮುಂದಿನ ಸಲ ಕುಶಾಲನಗರದ ಹತ್ತಿರ ಇದ್ದ ದೊಡ್ಡಪ್ಪನ ಮಗಳ ಮನೆ. ಆ ಅಕ್ಕ ಮಾತುಗಾತಿ. ನಮ್ಮನ್ನು ಹೊಳೆ ಪಕ್ಕದ ಬಿದಿರು ತೋಪಿಗೆ ಕರೆದುಕೊಂಡು ಹೋಗಿ ಜಿಂಕೆ ತೋರಿಸಿದಳು, ಐಸ್‌ಕ್ರೀಮ್ ಕೊಡಿಸಿದಳು. ನನ್ನ ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಒಳಗೆ ಕೊರೆಯುತ್ತಿತ್ತು. ನಾನು ಕೂರಲು ಜಾಗ ಹುಡುಕುತ್ತಿದ್ದರೆ, ಜಿಂಕೆಗೆ ಸೊಪ್ಪು ಕೊಡುತ್ತಲೇ ಅವಳು ಹೇಳಿದಳು: "ನಮ್ದು ಶೀಟಿನ್ ಮನೆ ನೋಡು, ಬಾಣಂತಿ ಕೂಸು ಅಂದ್ರೆ ಬೆಚ್ಚಗಿರ್ಬೇಕು. ಇಲ್ದಿದ್ರೆ ನಾನೇ ಬಾ ಅಂತಿದ್ದೆ." ಕೇಳದೆಯೇ ಉತ್ತರ ಸಿಕ್ಕಿತು. ನಿಮ್ಮ ತಾತ ಜಿಂಕೆಯನ್ನೇ ನೋಡುತ್ತಾ ನಿಂತಿದ್ದರು.

ನಾಪೋಕ್ಲಿನವರೆಗೂ ಹೋದೆವು, ಅಪ್ಪನ ಕಡೆಯ ಒಬ್ಬ ಸೋದರತ್ತೆಯನ್ನು ನೋಡಲು. ಅವರು ಮಗನ ಮನೆಗೆ ಮೈಸೂರಿಗೆ ಹೋಗಿದ್ದರು. ಬೀಗ ಹಾಕಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ಕೂತು, ತಂದಿದ್ದ ಬಾಳೆಹಣ್ಣನ್ನು ನಾವೇ ತಿಂದು ಹಿಂತಿರುಗಿದೆವು. ಯಾರ ಮೇಲೂ ನನಗೆ ಸಿಟ್ಟು ಬರಲಿಲ್ಲ ಮಕ್ಕಳೇ. ಬಾಣಂತನ ಎಂದರೆ ತಿಂಗಳುಗಟ್ಟಲೆ ಒಲೆ ಆರದ ಕೆಲಸ. ಇನ್ನೊಬ್ಬರ ಮಗಳಿಗಾಗಿ ಯಾರು ಸೊಂಟ ಮುರಿದುಕೊಳ್ಳುತ್ತಾರೆ? ಆದರೆ ಪ್ರತಿ ಭಾನುವಾರ ಒಳ್ಳೆಯ ಸೀರೆ ಉಟ್ಟು, ನಗುತ್ತಾ ಹೋಗಿ, ನಗುತ್ತಾ ಬರುವುದರಲ್ಲಿ ನನ್ನ ಜೀವ ಸೋತು ಹೋಗಿತ್ತು.

ಒಂದು ಭಾನುವಾರ ನಿಮ್ಮ ತಾತ ಬೈಕು ಒರೆಸಿ, "ಹೊರಡೆ, ಸೋಮವಾರಪೇಟೆ ಕಡೆ ಒಬ್ರು ಇದಾರಂತೆ" ಎಂದರು. ನಾನು ಚಾಪೆಯಿಂದ ಏಳಲಿಲ್ಲ.

"ನಾನು ಬರಲ್ಲ ರೀ. ಯಾರ ಮನೇಗೂ ಬರಲ್ಲ. ಆಸ್ಪತ್ರೇಲಿ ಹೆತ್ತು ಬಂದು ನನ್ ನೀರು ನಾನೇ ಹಾಕ್ಕೊಂತೀನಿ."

ಮದುವೆಯಾದ ಮೇಲೆ ಆ ಮನೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು. ಅತ್ತೆ ಬಂದು ಬಾಗಿಲಲ್ಲಿ ನಿಂತು ನನ್ನ ಊದಿದ ಕಾಲುಗಳನ್ನು ನೋಡಿದರು. ಮತ್ತೆ ಒಳಗೆ ಹೋದರು. ವಾರವಿಡೀ ಮಾತಿಲ್ಲ. ನನ್ನ ಮೇಲೆ ಮುನಿಸಿಕೊಂಡಿದ್ದಾರೆಂದು ತಿಳಿದೆ.

ಮುಂದಿನ ಭಾನುವಾರ ಅವರು ಬೆಳಗ್ಗೆಯೇ ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದರು. "ಜೀಪು ಹೇಳೋ, ನಾನೂ ಬತ್ತೀನಿ" ಎಂದು ಮಗನಿಗೆ ಹೇಳಿದರು.

"ಎಲ್ಲಿಗವ್ವ?"

"ನನ್ ತವರಿಗೆ."

ನಿಮ್ಮ ತಾತ ಬೆರಗಾಗಿ ನನ್ನ ಕಡೆ ನೋಡಿದರು. ಅತ್ತೆ ತವರಿನ ಹೊಸ್ತಿಲು ತುಳಿದು ಬಹಳ ವರ್ಷಗಳಾಗಿದ್ದವು. ಅವರ ತಮ್ಮ ತನ್ನ ಮಗಳ ಮದುವೆಗೆ ಅಕ್ಕನ ಮನೆಗೆ ತಾನೇ ಬಂದು ಕರೆಯದೆ, ಯಾರದೋ ಕೈಯಲ್ಲಿ ಲಗ್ನಪತ್ರಿಕೆ ಕಳಿಸಿದ್ದರು. ಒಡಹುಟ್ಟಿದವಳನ್ನು ಅರಿಶಿನ ಕುಂಕುಮ ಹಿಡಿದು ಬಂದು ಕರೆಯದಿದ್ದರೆ ಅದು ಕರೆದ ಹಾಗಲ್ಲ. ಇವರು ಮದುವೆಗೆ ಹೋಗಲಿಲ್ಲ, ಅವರು ಯಾಕೆಂದು ಕೇಳಲಿಲ್ಲ, ಅಲ್ಲಿಗೆ ಮಾತು ಕಡಿದುಹೋಗಿತ್ತು.

ಸೋಮವಾರಪೇಟೆ ದಾಟಿ, ಗದ್ದೆಯ ಬದುವಿನ ಪಕ್ಕದ ಮಣ್ಣು ರಸ್ತೆಯಲ್ಲಿ ಜೀಪು ಹೋಯಿತು. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಕಂಬಿ ಬಿಡಲಿಲ್ಲ. ಅತ್ತೆಯ ತಮ್ಮ ಅಂಗಳದಲ್ಲಿ ಮೆಣಸು ಹರವುತ್ತಿದ್ದರು. ನಮ್ಮನ್ನು ನೋಡಿ ಸೊಂಟ ನೆಟ್ಟಗೆ ಮಾಡಿ ನಿಂತರು.

"ಇಷ್ಟ್ ವರ್ಷಕ್ಕೆ ದಾರಿ ಗೊತ್ತಾಯ್ತಾ ಅಕ್ಕಯ್ಯ?"

"ದಾರಿ ಗೊತ್ತಿತ್ತು. ಕರಿಯೋರು ಇರ್‍ಲಿಲ್ಲ."

"ಈಗ್ಲೂ ನಾ ಕರ್ದಿಲ್ವಲ್ಲ."

"ಅದ್ಕೇ ಮಾನ ಬಿಟ್ಟು ಬಂದಿವ್ನಿ."

ಅತ್ತೆ ಅಂಗಳದಲ್ಲೇ ನಿಂತರು, ಜಗಲಿ ಹತ್ತಲಿಲ್ಲ. ನನ್ನ ತೋಳು ಹಿಡಿದು ಮುಂದಕ್ಕೆ ತಂದರು. "ನೋಡು, ಇದು ಚೊಚ್ಚಲು. ಇವಳಿಗೆ ತವರಲ್ಲಿ ತಾಯಿಲ್ಲ. ನನ್ ಮನೇಲಿ ನಾನು ಮಾಡಲ್ಲ, ಯಾಕಂತ ನಿಂಗೊತ್ತು. ಇಲ್ಲಿ ಆದ್ರೆ ನಾನು ಅತ್ತೆಯಲ್ಲ, ಈ ಮನೆ ಮಗಳು. ಒಲೆ, ಹಂಡೆ, ಒಂದು ಕೋಣೆ ಕೊಟ್ರೆ ಸಾಕು, ಕೆಲ್ಸ ಎಲ್ಲಾ ನಂದು. ನಂಗೆ ತವರು ಐತೋ ಇಲ್ವೋ, ಅದನ್ನ ಹೇಳ್ಬಿಡು."

ಅವರ ತಮ್ಮ ಪಂಚೆಗೆ ಕೈ ಒರೆಸಿಕೊಂಡರು. ಇಲ್ಲ ಎಂದುಬಿಟ್ಟರೆ ಈ ಹೆಂಗಸು ಯಾವ ಮುಖ ಹೊತ್ತು ಜೀಪು ಹತ್ತಬೇಕು ಎಂದು ಯೋಚಿಸಿದೆ. ಆಗ ತಮ್ಮನ ಹೆಂಡತಿ ಒಳಗಿನಿಂದ ಬಂದು, ಗಂಡನ ಕಡೆ ನೋಡದೆಯೇ, "ಬಸ್ರಿ ಹೆಂಗಸನ್ನ ಬಿಸಿಲಲ್ಲಿ ನಿಲ್ಸ್ಕೊಂಡು ಅದೇನ್ ಪಂಚಾಯ್ತಿ ನಿಮ್ದು? ಬಾರವ್ವ ಒಳೀಕೆ" ಎಂದು ನನ್ನ ಕೈ ಹಿಡಿದರು. ಅತ್ತೆಯ ತಮ್ಮ ಮೆಣಸಿನ ಕಡೆ ಬಗ್ಗಿ, "ಸೌದೆ ಈಗ್ಲೇ ಒಡೆಸಿಡ್ತೀನಿ. ಮಳೆ ಹಿಡ್ಕೊಂಡ್ರೆ ಒಣಗಲ್ಲ" ಎಂದರು. ಅಷ್ಟೇ.

ಹೆರಿಗೆ ಆಸ್ಪತ್ರೆಯಲ್ಲಿ ಆಯಿತು. ನಿಮ್ಮ ಅಮ್ಮನನ್ನು ಎತ್ತಿಕೊಂಡು ಆ ಮನೆಗೆ ಬಂದಾಗ ಮಳೆ ಶುರುವಾಗಿತ್ತು. ದಿನವೂ ಅತ್ತೆ ಹಂಡೆಗಟ್ಟಲೆ ನೀರು ಕಾಯಿಸಿ ನನ್ನ ಬೆನ್ನಿಗೆ ಬಿಸಿಬಿಸಿ ಸುರಿದರು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದರು, ಬಟ್ಟೆಗಳನ್ನು ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದರು. ಹೊಗೆಗೆ ಕಣ್ಣು ಕೆಂಪಾಗಿರುತ್ತಿತ್ತು. ನಿಮ್ಮ ತಾತ ಭಾನುವಾರ ಬಂದು ಮಗಳ ಮುಖ ನೋಡಿ, ಜಗಲಿಯ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ನಮ್ಮ ಸುತ್ತಾಟ ಅಲ್ಲಿಗೆ ಮುಗಿದಿತ್ತು. ಖುಷಿ ಇತ್ತು, ಆದರೆ ಅದನ್ನು ಅನುಭವಿಸುವಷ್ಟು ತ್ರಾಣ ಮೂವರಿಗೂ ಇರಲಿಲ್ಲ.

ಹೊರಡುವ ದಿನ ತಮ್ಮನ ಹೆಂಡತಿ ನನಗೆ ಮಡಿಲಕ್ಕಿ ಕಟ್ಟಿದರು. ಅತ್ತೆ ಗಂಡನನ್ನು ಕಳೆದುಕೊಂಡವರು. ತಾವಾಗಿಯೇ ಹಿಂದೆ ಸರಿದು ಗೋಡೆಯ ಪಕ್ಕ ನಿಂತಿದ್ದರು. ಆಗ ತಮ್ಮ ಒಳಗೆ ಹೋಗಿ, ತನ್ನ ಗದ್ದೆಯ ಅಕ್ಕಿಯನ್ನು ದೊಡ್ಡ ಗಂಟು ಕಟ್ಟಿ ತಂದು ಅಕ್ಕನ ಕೈಗೆ ಇಟ್ಟರು.

"ನಂಗ್ಯಾಕೋ ಇದು?"

"ತವರಿಂದ ಬರಿಗೈಲಿ ಹೋಯ್ತಾರಾ? ಹಿಡ್ಕೊ."

ಅತ್ತೆ ಸೆರಗು ಒಡ್ಡಿ ತೆಗೆದುಕೊಂಡರು. "ಭಾರ ಕಣೋ, ಸೊಂಟ ಹೋಗೈತೆ ನಂದು" ಎಂದು ಗೊಣಗಿದರು. ಜೀಪಿನ ಹಿಂದೆ ಇಡೋಣವೆಂದರೂ ಕೊಡಲಿಲ್ಲ. ತೊಡೆಯ ಮೇಲೆ ಅಕ್ಕಿಯ ಗಂಟು ತಬ್ಬಿಕೊಂಡು, ಸೋಮವಾರಪೇಟೆ ಬರುವ ಮೊದಲೇ ಬಾಯಿ ತೆರೆದುಕೊಂಡು ನಿದ್ದೆ ಹೋದರು.